ಬರುವ ಎಣ್ಣೆ

ನನ್ನ ಗಂಟು ಬಿಗಿ ಬೀಳುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ. ಹೂವು ಕಟ್ಟಿದರೂ, ಮೂಟೆ ಕಟ್ಟಿದರೂ, ಲಂಗದ ಲಾಡಿ ಕಟ್ಟಿದರೂ ಬಿಚ್ಚುವಾಗ ಹಲ್ಲಿಗೆ ಕೆಲಸ. ಇದೂ ಒಂದು ಚಿಂತೆಯೇ ಎಂದು ಯಾರಾದರೂ ನಗಬಹುದು. ಡಿಗ್ರಿ ಮುಗಿಸಿ ಊರಿಗೆ ಬಂದು, ನಮ್ಮ ಮನೆಯ ವಿಮಾನಕ್ಕೆ ನೂಲು ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ನನಗೆ ಅದೇ ಚಿಂತೆ. ಅಜ್ಜಿ ಮಾತ್ರ ಬಂದವರೆದುರಿಗೆಲ್ಲ ನನ್ನ ಕೈ ಹಿಡಿದು ತೋರಿಸುತ್ತಿದ್ದಳು: "ನೋಡ್ರೇ, ನಮ್ಮ ಕುಮುದನ ಗಂಟು ಅಂದ್ರೆ ಗಂಟು. ಇಲಿ ಬಂದು ಕಚ್ಚಿದ್ರೂ ಬಿಚ್ಚಲ್ಲ." ನಾನು ನಕ್ಕಂತೆ ಮಾಡಿ ಒಳಗೆ ಹೋಗಿಬಿಡುತ್ತಿದ್ದೆ. ದಿನಚರಿ ತೆಗೆದು 'ಇವತ್ತೂ ಹೇಳಲಿಲ್ಲ' ಎಂದು ಬರೆಯುತ್ತಿದ್ದೆ. ಏನನ್ನು ಎಂದು ಅಲ್ಲೂ ಬರೆಯುವ ಧೈರ್ಯ ಇರಲಿಲ್ಲ.

ನಮ್ಮ ಊರಿಗೆ ದಾರಿ ಇಲ್ಲ. ಸುತ್ತಲೂ ಬಂಡೆ ಕಡಿದಾಗಿ ಇಳಿದು ಮೋಡದೊಳಗೆ ಮುಗಿದುಹೋಗುತ್ತದೆ. ಬೇರೆ ಊರುಗಳಲ್ಲಿ ಜಗಲಿಯ ಪಕ್ಕ ಸ್ಕೂಟರು ನಿಲ್ಲಿಸುವಂತೆ ಇಲ್ಲಿ ವಿಮಾನ ನಿಲ್ಲಿಸುತ್ತಾರೆ. ಇಬ್ಬರು ಕೂರುವಂಥ ಪುಟ್ಟ ವಿಮಾನ. ಅದರ ಹೊಟ್ಟೆಯಡಿ ಕೋಳಿಗಳು ಮಲಗುತ್ತವೆ, ರೆಕ್ಕೆಯ ಮೇಲೆ ಹಪ್ಪಳ ಒಣಗುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನೋಡುವ ಮೊದಲು ಎಂಜಿನ್ನಿನ ಸದ್ದು ಕೇಳುತ್ತಾರೆ. ದೊಡ್ಡ ಬೀದಿಯೇ ಓಟದ ಹಾದಿಯಾದ್ದರಿಂದ ರಂಗೋಲಿಯನ್ನು ಅಂಚಿಗೇ ಹಾಕಬೇಕು, ಮಧ್ಯೆ ಹಾಕಿದವಳಿಗೆ ಬೈಗುಳ ತಪ್ಪಿದ್ದಲ್ಲ.

ಪ್ರತಿ ವಿಮಾನಕ್ಕೂ ಎರಡು ಟ್ಯಾಂಕು, ರೆಕ್ಕೆಗೊಂದು. ಬಲಗಡೆಯದು ಹೋಗುವ ಎಣ್ಣೆ. ಎಡಗಡೆಯದು ಬರುವ ಎಣ್ಣೆ. ಹೋಗುವ ಎಣ್ಣೆಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ತುಂಬಿಸಬಹುದು. ಬರುವ ಎಣ್ಣೆಯನ್ನು ಮನೆಯ ಹೆಂಗಸರೇ ಮನೆಯ ಬಾಗಿಲಲ್ಲೇ ತುಂಬಬೇಕು. ಆಮೇಲೆ ಸೀಟಿನ ಕೆಳಗಿರುವ, ಟ್ಯಾಂಕು ಬದಲಿಸುವ ಹಿತ್ತಾಳೆ ಹಿಡಿಯನ್ನು ಬಲಗಡೆಗೆ ತಿರುಗಿಸಿ, ಅದು ಅಲ್ಲಾಡದಂತೆ ಅರಿಸಿನದ ನೂಲು ಬಿಗಿದು ಗಂಟು ಹಾಕಬೇಕು. ಹಾರಿಸುವವರು ಕೆಳಗಿನ ಊರಿನ ಕೆಲಸ ಮುಗಿಸಿ, ವಿಮಾನದ ಮೂತಿ ಮನೆಯ ಕಡೆ ತಿರುಗಿದ ಮೇಲೆಯೇ ಆ ಗಂಟು ಬಿಚ್ಚಿ ಹಿಡಿಯನ್ನು ಎಡಕ್ಕೆ ತಿರುಗಿಸುವುದು. ಹೋಗುತ್ತಾ ಬರುವ ಎಣ್ಣೆ ಸುಟ್ಟವನು ಬರುವುದಿಲ್ಲ ಎಂಬುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. 'ಹೋಗ್ತೀನಿ' ಅನ್ನದೆ 'ಹೋಗಿ ಬರ್ತೀನಿ' ಅನ್ನುವ ಹಾಗೆ ಅದೂ ಒಂದು.

ಇನ್ನೊಂದು ಸಂಗತಿ ಹಂಡೆಯದು. ಒಂದು ಮನೆಯ ವಿಮಾನ ಮೇಲೇರಿದರೆ ಆ ಮನೆಯ ಬಚ್ಚಲ ಹಂಡೆ ಗುಂಯ್‌ಗುಡುತ್ತದೆ. ವಿಮಾನ ಎಷ್ಟೇ ದೂರ ಇರಲಿ, ಎಂಜಿನ್ನು ನಡೆಯುವಷ್ಟು ಹೊತ್ತೂ ಹಂಡೆಯ ನೀರಿನಲ್ಲಿ ಸಣ್ಣ ಸಣ್ಣ ಉಂಗುರ ಏಳುತ್ತಿರುತ್ತವೆ. ನಾವು ಹಂಡೆಯ ಬಾಯಿಗೆ ಮುಖ ಇಟ್ಟು ಆಡಿದ ಮಾತು ಮೇಲಿದ್ದವರಿಗೆ ಕೇಳುತ್ತದೆ. ಅವರ ಮಾತು ನಮಗೆ ಕೇಳುವುದಿಲ್ಲ. ಹೂಂ ಅನ್ನಬೇಕಾದರೆ ಎಂಜಿನ್ನಿನ ಸದ್ದು ಏರಿಸುತ್ತಾರೆ. ಹೀಗಾಗಿ ವಿಮಾನ ಹೊರಗಿರುವಾಗ ಬಚ್ಚಲಿಗೆ ಹೋದವರು ನಾಲಗೆ ಹಿಡಿದುಕೊಂಡು ಮೀಯಬೇಕು. ನಮ್ಮಪ್ಪ ಒಮ್ಮೆ ಮೈಮರೆತು ಹಾಡಿಕೊಂಡಿದ್ದಕ್ಕೆ ತುಂಗತ್ತೆ ಇಳಿದು ಬಂದವಳೇ, "ಅಣ್ಣಯ್ಯಾ, ಇನ್ನೊಂದು ಸಲ ಆ ಹಾಡು ಎತ್ತಿದ್ರೆ ವಿಮಾನ ತಗೊಂಡೋಗಿ ಗುಡ್ಡಕ್ಕೆ ಗುದ್ತೀನಿ ನೋಡು" ಅಂದಿದ್ದಳು.

ತುಂಗತ್ತೆ ಅಪ್ಪನ ತಂಗಿ. ನಮ್ಮ ಮನೆಯಲ್ಲಿ ಹಾರಿಸುವವಳು ಅವಳೇ. ಅಪ್ಪನಿಗೆ ಎತ್ತರಕ್ಕೆ ಹೋದರೆ ತಲೆ ಸುತ್ತುತ್ತದೆ. ಅತ್ತೆಗೆ ನೆಲದ ಮೇಲೆ ಕೂತರೆ ತಲೆ ಸುತ್ತುತ್ತದೆಯಂತೆ. ನನಗೂ ಸ್ವಲ್ಪ ಕಲಿಸಿದ್ದಳು. ಅವಳ ಪಾಠದಲ್ಲಿ ಒಂದು ಮಾತು ಯಾವಾಗಲೂ ಬರುತ್ತಿತ್ತು: "ಎಂಜಿನ್ ನಿಂತ್ರೆ ತಿರುಗೋಕೆ ಹೋಗ್ಬಾರ್ದು ಕಣೇ. ಸದ್ದಿಲ್ಲದ ವಿಮಾನ ತಿರುಗಿಸಿದ್ರೆ ರೆಕ್ಕೆ ಗಾಳಿ ಬಿಟ್ಬಿಡುತ್ತೆ, ಕಲ್ಲು ಬಿದ್ದ ಹಾಗೆ ಬೀಳ್ತೀಯಾ. ಮೂತಿ ಬಗ್ಗಿಸು, ನೇರ ಹೋಗು, ಕಣ್ಣ ಮುಂದೆ ಸಿಕ್ಕಿದ ಜಾಗಕ್ಕೆ ಇಳಿ." ಅದೇ ಬಾಯಲ್ಲಿ, ಅದೇ ಉಸಿರಲ್ಲಿ, "ಮೂತಿ ಮನೆ ಕಡೆ ತಿರುಗೋ ತನಕ ನೂಲು ಮುಟ್ಟಬಾರ್ದು" ಎಂದೂ ಹೇಳುತ್ತಿದ್ದಳು. ಈ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿದವರು ಊರಲ್ಲಿ ಯಾರೂ ಇರಲಿಲ್ಲ. ಪಾರೀಶಣ್ಣ ಹೋಗುವ ತನಕ ನಾನೂ ನೋಡಿರಲಿಲ್ಲ.

ಪಾರೀಶಣ್ಣ ಪಕ್ಕದ ಮನೆಯವರು, ಊರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದರು. ನಾನು ಕಾಲೇಜಿಗೆ ಹೊರಟಾಗ ರವಿಕೆಗಳ ಒಳಗೆ ಯಾರಿಗೂ ಕಾಣದಂತೆ ಪುಟ್ಟ ಜೇಬು ಹೊಲಿದುಕೊಟ್ಟು, "ಮಾತಾಡದ ಹುಡುಗೀರಿಗೆ ಜೇಬು ಜಾಸ್ತಿ ಬೇಕಮ್ಮ" ಅಂದಿದ್ದರು. ಹೋದ ವರ್ಷ ಎದುರುಗಾಳಿಯ ತಿಂಗಳಲ್ಲಿ ಗುಂಡಿ, ದಾರ ತರಲು ಕೆಳಗಿನ ಊರಿಗೆ ಹೊರಟವರು ತಲುಪಲಿಲ್ಲ. ಅವರ ಹೆಂಡತಿ ಚಂದನಕ್ಕ ಸಂಜೆಯವರೆಗೂ ತಣ್ಣಗಾದ ಹಂಡೆಯೊಳಗೆ ಮುಖ ಇಟ್ಟು ಕೂಗುತ್ತಿದ್ದಳು. ಎಂಜಿನ್ನು ನಿಂತ ಮೇಲೆ ಮಾತು ಮೇಲಕ್ಕೆ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಬಂದು ಹೇಳಲಿಲ್ಲ.

ಮರುದಿನ ಹುಡುಕಲು ಹೋದವರ ಜೊತೆ ರಜೆಗೆ ಬಂದಿದ್ದ ನಾನೂ ಹೋಗಿದ್ದೆ, ತುಂಗತ್ತೆಯ ಪಕ್ಕದ ಸೀಟಿನಲ್ಲಿ. ಅರ್ಧ ದಾರಿಯಲ್ಲಿ ಕೋಡುಗಲ್ಲು ಎಂಬ ಬೋಳುಗುಡ್ಡವಿದೆ. ಅದರಾಚೆ ಉದ್ದಕ್ಕೆ ಹಾಸುಬಂಡೆ. ನಾವೆಲ್ಲ ಆ ಬಂಡೆಯ ಮೇಲೆ ಇಳಿದೆವು. ಪಾರೀಶಣ್ಣನ ವಿಮಾನ ಗುಡ್ಡದ ಈಚೆ ಇಳಿಜಾರಿನಲ್ಲಿ ಬಿದ್ದಿತ್ತು. ಬಲ ಟ್ಯಾಂಕು ಒಣಗಿತ್ತು. ಎಡ ಟ್ಯಾಂಕು ಬಾಯಿವರೆಗೂ ತುಂಬಿತ್ತು. ಹಿಡಿಗೆ ಕಟ್ಟಿದ್ದ ಚಂದನಕ್ಕನ ನೂಲು ಒಂದೆಳೆಯೂ ಸಡಿಲವಾಗಿರಲಿಲ್ಲ. ವಿಮಾನದ ಮೂತಿ ಊರಿನ ಕಡೆಗಿತ್ತು.

ಊರಿನ ಯಜಮಾನರು ವೃಷಭಯ್ಯ ತಲೆಯ ಮೇಲಿನ ವಸ್ತ್ರ ತೆಗೆದು ಕೈಮುಗಿದರು. "ಮನೆ ಕಡೆ ಮುಖ ಮಾಡಿ ಪ್ರಾಣ ಬಿಟ್ಟಿದಾನೆ. ಅಂಥಾ ಹೊತ್ತಲ್ಲೂ ನೂಲು ಮುಟ್ಟಿಲ್ಲ. ಇಂಥವನು ಊರಿಗೊಬ್ಬ," ಅಂದರು. ಗಂಡಸರೂ ಅತ್ತರು. ಹೆಂಗಸರು ಎಡ ಟ್ಯಾಂಕಿನ ಎಣ್ಣೆಯನ್ನು ಕೊಡಗಳಿಗೆ ಇಳಿಸಿದೆವು. ಅದನ್ನು ಊರಿಗೆ ತಂದು ಮನೆಮನೆಯ ವಿಮಾನಕ್ಕೂ ಪ್ರಸಾದದ ಹಾಗೆ ಒಂದಿಷ್ಟು ಹಂಚಿದರು. "ಬರುವ ಎಣ್ಣೆ ಬಂತು, ಬರುವ ಎಣ್ಣೆ ಬಂತು" ಎಂದು ಬೀದಿಯುದ್ದಕ್ಕೂ ಹೇಳಿಕೊಂಡು ಹೋದರು. ಎಣ್ಣೆ ಬಂತು, ಪಾರೀಶಣ್ಣ ಬರಲಿಲ್ಲ. ಒಂದು ಕೊಡ ನನ್ನ ಸೊಂಟದ ಮೇಲೂ ಇತ್ತು. ಅದರ ವಾಸನೆ ನನ್ನ ದಾವಣಿಯಿಂದ ಎಷ್ಟು ಒಗೆದರೂ ಹೋಗಲಿಲ್ಲ.

ಆಗಲೂ ನನಗೆ ಏನೂ ಹೊಳೆದಿರಲಿಲ್ಲ. ಹೊಳೆದದ್ದು ಕೆಳಗಿನ ಊರಿಗೆ ಮರಳಿ ಹೋದ ಮೇಲೆ. ಗೆಳತಿ ರೆಹಾನಾಳ ಸ್ಕೂಟರಿನ ಹಿಂದೆ ಕೂತು ಪರೀಕ್ಷೆಗೆ ಹೋಗುತ್ತಿದ್ದೆ. ಅವಳು ತನ್ನ ನಾದಿನಿಯನ್ನು ಬೈದುಕೊಳ್ಳುತ್ತಿದ್ದಳು. ಸೇತುವೆಯ ಮೇಲೆ ಸ್ಕೂಟರು ಗುಟುಕು ಗುಟುಕು ಅಂದು ನಿಲ್ಲುವ ಹಾಗೆ ಮಾಡಿತು. ರೆಹಾನಾ ಬೈಗುಳ ನಿಲ್ಲಿಸದೆಯೇ ಸೀಟಿನ ಕೆಳಗೆ ಕೈ ಹಾಕಿ ಏನೋ ತಿರುಗಿಸಿದಳು. ಸ್ಕೂಟರು ಮತ್ತೆ ಓಡಿತು. "ಏನಾಯ್ತೇ?" ಅಂದೆ. "ಏನಿಲ್ಲ, ರಿಸರ್ವ್‌ಗೆ ಹಾಕ್ದೆ," ಅಂದಳು, ಮತ್ತೆ ನಾದಿನಿಗೆ ಬಂದಳು. ಆ ದಿನ ಪರೀಕ್ಷೆಯಲ್ಲಿ ಏನು ಬರೆದೆನೋ ನನಗೆ ನೆನಪಿಲ್ಲ. ಕಣ್ಣ ಮುಂದೆ ಊರಿನ ಕಡೆ ತಿರುಗಿದ ಆ ಮೂತಿ ನಿಂತಿತ್ತು. ಎಂಜಿನ್ನು ನಿಂತಿದೆ. ನೂಲು ಬಿಚ್ಚಬೇಕಾದರೆ ಮನೆಯ ಕಡೆ ತಿರುಗಬೇಕು. ತಿರುಗಲು ಹೋಗಿದ್ದಾರೆ. ಮುಂದೆ ಒಂದು ಕೂಗಳತೆಯಲ್ಲಿ ಹಾಸುಬಂಡೆ ಇತ್ತು, ಪಕ್ಕದ ರೆಕ್ಕೆಯಲ್ಲಿ ಎಣ್ಣೆ ಇತ್ತು.

ಇದನ್ನು ನಾನು ಯಾರಿಗೆ ಹೇಳಲಿ? ಚಂದನಕ್ಕ ಆ ನೂಲಿಗೆ ಗಾಜು ಹಾಕಿಸಿ ಪಾರೀಶಣ್ಣನ ಫೋಟೋದ ಪಕ್ಕ ತೂಗುಹಾಕಿದ್ದಳು. ನಾನು ಹೋದಾಗಲೆಲ್ಲ ಕೋಸಂಬರಿ ಕೈಗಿಟ್ಟು, "ನನ್ನ ಗಂಟು ಕಳಚಲಿಲ್ಲ ಕಣೇ ಕುಮುದಾ. ಅವರು ಮುಟ್ಟಲಿಲ್ಲ. ಅಷ್ಟೇ ನನಗೆ ಸಮಾಧಾನ" ಅನ್ನುತ್ತಿದ್ದಳು. ಒಂದು ಹೆಂಗಸು ಒಂದು ಎಳೆ ದಾರ ಹಿಡಿದು ನಿಂತಿದ್ದಾಳೆ. ಅದನ್ನು ಕತ್ತರಿಸಲು ನನಗೇನು ಅಧಿಕಾರ? ಹೇಳದೆ ಸುಮ್ಮನಿದ್ದರೆ ಮುಂದಿನ ಎದುರುಗಾಳಿಗೆ ಇನ್ನೊಬ್ಬರು. ಕೋಸಂಬರಿ ತಿಂದು ಕೈ ತೊಳೆದು ಎದ್ದು ಬರುತ್ತಿದ್ದೆ.

ಆ ಎದುರುಗಾಳಿಯ ತಿಂಗಳು ಬಂದೇ ಬಂತು, ಮತ್ತು ಸರಿಯಾಗಿ ಆಗಲೇ ಊರಿನ ಹಿಟ್ಟಿನ ಗಿರಣಿಯ ಬೆಲ್ಟು ಹರಿಯಿತು. ಮನೆಮನೆಯಲ್ಲೂ ಅನ್ನ, ಬರೀ ಅನ್ನ. ಅಜ್ಜಿಗೆ ರಾಗಿ ಮುದ್ದೆ ಇಲ್ಲದೆ ಸಿಟ್ಟು ನೆತ್ತಿಗೇರಿತ್ತು. "ಈ ವಯಸ್ಸಿಗೆ ಅನ್ನ ತಿಂದು ಬದುಕೋಕೆ ನಾನೇನು ಬಾಣಂತಿನಾ?" ಎಂದು ತಟ್ಟೆ ತಳ್ಳುತ್ತಿದ್ದಳು. ಬೆಲ್ಟು ತರಲು ಗಾಳಿ ಇಳಿಯುವ ತನಕ ಕಾಯೋಣ ಎಂದು ಬೇರೆಯವರು ಮೀನಮೇಷ ಎಣಿಸುತ್ತಿದ್ದಾಗ ತುಂಗತ್ತೆ ಸೀರೆಯ ಮೇಲೆ ಕೋಟು ಹಾಕಿಕೊಂಡು ಹೊರಟೇಬಿಟ್ಟಳು.

ಬೆಳಿಗ್ಗೆ ಅಮ್ಮ ಎಡ ಟ್ಯಾಂಕು ತುಂಬಿದಳು. ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, "ಹೊರಗೆ ಕೂತಿಲ್ಲ ತಾನೇ?" ಎಂದು ಕೇಳಿದಳು. ಮುಟ್ಟಾದವಳು ಕಟ್ಟಿದ ಗಂಟು ಗಂಟೇ ಅಲ್ಲ ಎಂದು ಲೆಕ್ಕ. "ಇಲ್ಲ ಅಜ್ಜಿ," ಅಂದೆ. ಅರಿಸಿನದ ನೂಲು ಹಿಡಿದು ಸೀಟಿನ ಕೆಳಗೆ ಬಗ್ಗಿದೆ. ಬೀದಿಯಲ್ಲಿ ಜನ ಸೇರಿದ್ದರು, ನನ್ನ ಬೆನ್ನಿನ ಮೇಲೆ ಅಷ್ಟೂ ಕಣ್ಣು.

"ಏನೇ ಡಿಗ್ರಿ, ಇನ್ನೂ ಆಗ್ಲಿಲ್ವಾ?" ಅಂದಳು ಅತ್ತೆ. "ನಿನ್ನ ಮದುವೆ ದಿನ ಹುಡುಗ ತಾಳಿ ಕಟ್ಟುವಾಗ್ಲೂ ಇಷ್ಟು ಹೊತ್ತು ತಗೊಳಲ್ಲ ಬಿಡು."

"ಗಾಳಿ ಜೋರಿದೆ ಅಲ್ವಾ ಅತ್ತೆ."

"ಗಾಳಿಗೆ ಹೆದರಿದ್ರೆ ಸೀರೆ ಒಣಗಲ್ಲ."

"ದಾರೀಲಿ ಏನಾದ್ರೂ..."

"ಏನಾದ್ರೂ?"

ನನ್ನ ಗಂಟಲಿನೊಳಗೆ ಇಡೀ ವಾಕ್ಯ ತಯಾರಾಗಿ ನಿಂತಿತ್ತು. ಅಷ್ಟರಲ್ಲಿ ಬೇಲಿಯಾಚೆ ಚಂದನಕ್ಕ ಕಂಡಳು. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಮಗು ನಡೆಯುವುದನ್ನು ನೋಡುವವರ ಹಾಗೆ, ಸರಿಯಾಗಿ ಕಟ್ಟಲಿ, ಸರಿಯಾಗಿ ಕಟ್ಟಲಿ ಎಂದು. ನಾನು ಗಂಟು ಎಳೆದೆ. ಅತ್ತೆ ಬೆರಳು ಹಾಕಿ ಜಗ್ಗಿ ನೋಡಿ, "ಭೇಷ್" ಅಂದಳು. "ಹೋಗಿ ಬರ್ತೀನಿ" ಎಂದು ಎಲ್ಲರಿಗೂ ಕೂಗಿ ಹೇಳಿ ಬೀದಿಯುದ್ದಕ್ಕೂ ಓಡಿಸಿ ಮೇಲೆದ್ದಳು. ಕೋಳಿಗಳು ರೆಕ್ಕೆ ಬಡಿದು ಚದುರಿದವು.

ಒಳಗೆ ಹಂಡೆ ಗುಂಯ್ ಅನ್ನತೊಡಗಿತು. ಅಜ್ಜಿ ಬಚ್ಚಲಿಗೆ ಮಣೆ ಹಾಕಿಸಿಕೊಂಡು ಕೂತಳು. ಅತ್ತೆ ಹೊರಟ ದಿನ ಅದು ಅವಳ ಆಸ್ಥಾನ. ಚಂದನಕ್ಕನೂ ಬಂದು ಹೊಸ್ತಿಲ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ವಿಮಾನ ಬಿದ್ದುಹೋದ ಮನೆಯಲ್ಲಿ ಹಂಡೆಯನ್ನು ಬೋರಲು ಹಾಕಿಬಿಡುತ್ತಾರೆ. ತನ್ನ ಹಂಡೆ ಬೋರಲಾದಾಗಿನಿಂದ ಅವಳು ನಮ್ಮ ಹಂಡೆಯ ಸದ್ದು ಕೇಳಲು ಬರುತ್ತಿದ್ದಳು.

"ತುಂಗಾ, ಹಿಂಗು ಮರೀಬೇಡ್ವೇ," ಅಜ್ಜಿ ಹಂಡೆಯೊಳಗೆ ಕೂಗಿದಳು. "ಕಟ್ಟಿ ಹಿಂಗು. ಹೋದ್ಸಲ ತಂದ ಹಾಗೆ ಮಣ್ಣುಪುಡಿ ಅಲ್ಲ."

ಹಂಡೆಯ ಸದ್ದು ಒಂದು ಸುತ್ತು ಏರಿ ಇಳಿಯಿತು.

"ಹಾಗೇ ನನ್ನ ನಶ್ಯ," ಅಂದರು ಅಪ್ಪ ಬಾಗಿಲಲ್ಲಿ ಬಗ್ಗಿ.

ಹಂಡೆ ತನ್ನ ಪಾಡಿಗೆ ತಾನು ಗುಂಯ್‌ಗುಟ್ಟಿತು.

"ಕೇಳಿಸ್ಲಿಲ್ಲ ಅನ್ಸುತ್ತೆ."

"ಕೇಳಿಸಿದೆ ಕಣೋ, ಅದಕ್ಕೇ ಉತ್ತರ ಇಲ್ಲ," ಅಂದಳು ಅಜ್ಜಿ. ಚಂದನಕ್ಕ ಬಾಯಿಗೆ ಸೆರಗು ಇಟ್ಟು ನಕ್ಕಳು. ಅಮ್ಮ ಅಡುಗೆಮನೆಯಿಂದಲೇ ನಕ್ಕಳು. ನಾನು ನೀರಿನ ಮೇಲಿನ ಉಂಗುರಗಳನ್ನು ನೋಡುತ್ತ ನಿಂತಿದ್ದೆ. ಕಿಟಕಿಯಾಚೆ ತೆಂಗಿನ ಗರಿಗಳು ಒಂದೇ ದಿಕ್ಕಿಗೆ ಬಾಚಿದ ಕೂದಲಿನ ಹಾಗೆ ಮಲಗಿದ್ದವು. ಆ ಗಾಳಿಯನ್ನು ಎದುರಿಸಿಕೊಂಡು ಅತ್ತೆ ಹೋಗುತ್ತಿದ್ದಾಳೆ. ವಿಮಾನ ಮುಂದೆ ಸರಿಯುವುದು ಕಮ್ಮಿ, ಎಣ್ಣೆ ಉರಿಯುವುದು ಅಷ್ಟೇ.

ಅಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ಅಪ್ಪ ಪಂಚಾಂಗ ತಿರುವಿದರು. ಅಜ್ಜಿ ತೂಕಡಿಸಿದಳು. ಮಾಮೂಲಿನಂತೆ ಇಷ್ಟು ಹೊತ್ತಿಗೆ ಸದ್ದು ನಿಂತು, ಇಳಿದೆ ಎಂದು ತಿಳಿಸಲು ಮತ್ತೊಮ್ಮೆ ಗುರ್ರ್ ಎಂದು ಬರಬೇಕಿತ್ತು. ಬರಲಿಲ್ಲ. ಸದ್ದು ನಡೆಯುತ್ತಲೇ ಇತ್ತು. ಅತ್ತೆ ಇನ್ನೂ ದಾರಿಯಲ್ಲೇ ಇದ್ದಳು. ಅಮ್ಮ ಕೈ ಒರೆಸಿಕೊಂಡು ಬಚ್ಚಲ ಬಾಗಿಲಿಗೆ ಬಂದು ನಿಂತಳು.

ಆಗ ಹಂಡೆ ಕೆಮ್ಮಿತು.

ಒಂದೇ ಸಲ. ನೀರಿನ ಉಂಗುರಗಳು ಒಡೆದು, ಮತ್ತೆ ಕೂಡಿಕೊಂಡವು. ಅಜ್ಜಿ ಕಣ್ಣು ಬಿಟ್ಟಳು. ಚಂದನಕ್ಕ ಹೊಸ್ತಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಕೆಮ್ಮನ್ನು ಅವಳು ಹಿಂದೆ ಕೇಳಿದ್ದಳು.

"ಎಲ್ಲಿದಾಳೆ?" ಅಪ್ಪ ಕೇಳಿದರು. ಯಾರಿಗೆ ಗೊತ್ತು? ಆದರೆ ಎಲ್ಲರಿಗೂ ಗೊತ್ತಿತ್ತು. ಗಾಳಿಯ ದಿನ ಎಣ್ಣೆ ಸೋಲುವುದು ಕೋಡುಗಲ್ಲಿನ ಹತ್ತಿರವೇ.

ಮತ್ತೆ ಕೆಮ್ಮು. ಈ ಸಲ ಎರಡು ಮೂರು ಒಟ್ಟಿಗೆ, ಕೊನೆಯ ಹನಿಗಳನ್ನು ಹೀರಿಕೊಳ್ಳುವ ಹಾಗೆ. ಅಜ್ಜಿ ಮುಂದಕ್ಕೆ ಬಾಗಿ ಹಂಡೆಯ ಕಂಠವನ್ನು ಹಿಡಿದುಕೊಂಡಳು. ಅವಳ ದನಿ ನಡುಗಲಿಲ್ಲ. "ತುಂಗಾ, ಹೆದರಬೇಡ ಮಗಳೇ. ಮೂತಿ ತಿರುಗಿಸು. ಮನೆ ಕಡೆ ತಿರುಗಿಸಿ ನೂಲು ಬಿಚ್ಚು. ಆಗ ದೋಷ ಇಲ್ಲ. ಕೇಳಿಸ್ತಾ? ತಿರುಗಿಸಿಬಿಟ್ಟು ಬಿಚ್ಚು."

ಹಂಡೆಯ ಸದ್ದು ಕೆಮ್ಮುತ್ತಲೇ ಏರಿತು. ಹೂಂ ಅಂದಳು ಅತ್ತೆ.

ನನಗೆ ಪಾರೀಶಣ್ಣನ ವಿಮಾನ ಕಂಡಿತು. ಇಳಿಜಾರು, ಊರಿನ ಕಡೆ ಮೂತಿ. 'ಅಜ್ಜಿ, ಬೇಡ' ಅಂದೆ ಅಂದುಕೊಂಡೆ, ಬಾಯಿಂದ ಬರೀ ಗಾಳಿ ಬಂತು. ಅಪ್ಪ ಕೈಮುಗಿದು ನಿಂತಿದ್ದರು. ಬೀದಿಯಲ್ಲಿ ಸುದ್ದಿ ಹೇಗೋ ಹಬ್ಬಿ ಅಂಗಳದಲ್ಲಿ ಜನರ ಹೆಜ್ಜೆ ಸದ್ದು. ವೃಷಭಯ್ಯನವರ ಕೋಲಿನ ಸದ್ದೂ ಕೇಳಿತು. ಇವರೆಲ್ಲರ ಮುಂದೆ ನಾನು ಏನು ಹೇಳಿದರೆ ಅತ್ತೆ ನಂಬುತ್ತಾಳೆ? ತಿರುಗಬೇಡ, ಹಾಗೆಯೇ ಬಿಚ್ಚು ಅಂದರೆ ಬಿಚ್ಚುತ್ತಾಳಾ? ಇಡೀ ಜನ್ಮ ನಂಬಿದ್ದನ್ನು ಮಾತಾಡದ ಸೊಸೆಯ ಒಂದು ಮಾತಿಗೆ ಬಿಡುತ್ತಾಳಾ? ಕಾರಣ ವಿವರಿಸುವಷ್ಟು ಎಣ್ಣೆ ಅವಳ ಬಲ ರೆಕ್ಕೆಯಲ್ಲಿ ಇರಲಿಲ್ಲ.

ನಾನು ಅಜ್ಜಿಯನ್ನು ತಳ್ಳಿದೆ. ನಿಜವಾಗಿಯೂ ತಳ್ಳಿದೆ, ಅವಳು ಮಣೆಯಿಂದ ಜಾರಿ ಗೋಡೆಗೆ ಒರಗಿದಳು. ಹಂಡೆಯೊಳಗೆ ತಲೆ ಹಾಕಿ ನನ್ನ ಜೀವಮಾನದಲ್ಲಿ ಕೂಗದಷ್ಟು ಜೋರಾಗಿ ಕೂಗಿದೆ:

"ಅತ್ತೆ, ನಾನು ಮುಟ್ಟಾಗಿದೀನಿ! ಬೆಳಿಗ್ಗೆ ಅಜ್ಜಿ ಹತ್ರ ಸುಳ್ಳು ಹೇಳ್ದೆ. ಅದು ಗಂಟಲ್ಲ, ಬರೀ ದಾರ. ಅದಕ್ಕೆ ದೋಷ ಇಲ್ಲ. ತಿರುಗಬೇಡ ಅತ್ತೆ, ಹಾಗೇ ನೇರ ಹೋಗ್ತಾನೇ ಕಿತ್ತಾಕು! ಚಾಕುಲಿ ಕೊಯ್ದು ಎಡಕ್ಕೆ ಹಾಕು!"

ನನ್ನ ದನಿ ಹಂಡೆಯೊಳಗೆ ಸುತ್ತಿ ಸುತ್ತಿ ನನಗೇ ಹೊಡೆಯಿತು. ಆಮೇಲೆ ಹಂಡೆ ನಿಂತುಹೋಯಿತು.

ನೀರು ಕನ್ನಡಿಯ ಹಾಗೆ ಚಪ್ಪಟೆಯಾಯಿತು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು, ಹಿಂದೆ ಸೂರಿನ ತೊಲೆ. ಅಜ್ಜಿ ನೋಯುವ ಮೊಣಕೈ ಹಿಡಿದುಕೊಂಡು ಹಂಡೆಯ ಕಡೆಗೇ ಜರುಗಿದಳು. ಅಂಗಳದಲ್ಲಿ ಯಾರೋ ಮಗುವಿನ ಬಾಯಿ ಮುಚ್ಚಿದರು. ಮಾತು ಹೋಗಿ ಮುಟ್ಟಿತೋ, ಸದ್ದು ನಿಂತ ಮೇಲೆ ಹೋಯಿತೋ? ಮುಟ್ಟಿದ್ದರೆ ಅತ್ತೆ ಈಗ ಕೋಟಿನ ಜೇಬಿನಲ್ಲಿ ಅಡಿಕೆ ಕತ್ತರಿಸುವ ಚಾಕು ಹುಡುಕುತ್ತಿದ್ದಾಳೆ. ಮುಟ್ಟಿರದಿದ್ದರೆ ತಿರುಗುತ್ತಿದ್ದಾಳೆ. ನನ್ನ ಗಂಟು ಬೆರಳಲ್ಲಿ ಬಿಚ್ಚುವಂಥದ್ದಲ್ಲ. ಅತ್ತೆ, ಹಲ್ಲು ಹಾಕು, ಏನಾದರೂ ಮಾಡು. ನಾನು ನೀರಿನ ಮೇಲೆ ಉಸಿರು ಬಿಡದಂತೆ ಹಿಡಿದುಕೊಂಡಿದ್ದೆ, ನನ್ನ ಉಸಿರಿಗೇ ಉಂಗುರ ಎದ್ದು ಎಲ್ಲಿ ಮೋಸ ಹೋಗುತ್ತೇನೋ ಎಂದು.

ಚಂದನಕ್ಕ ಎದ್ದು ಬಂದು ನನ್ನ ಪಕ್ಕ ನಿಂತಳು. ಅವಳೂ ನೀರು ನೋಡಿದಳು. ನೀರು ಅಲ್ಲಾಡಲಿಲ್ಲ.

ಅಲ್ಲಾಡಲೇ ಇಲ್ಲ.

ಮೊದಲು ಹಂಡೆಯ ಅಂಚಿನಲ್ಲಿ ಒಂದು ಕಂಪನ ಬಂತು, ಕೈಯಿಟ್ಟಿದ್ದ ನನಗೆ ಮಾತ್ರ ತಿಳಿಯುವಂಥದ್ದು. ಆಮೇಲೆ ಒಂದು ಉಂಗುರ. ಆಮೇಲೆ ಸಿಟ್ಟು ಬಂದ ಬೆಕ್ಕಿನ ಹಾಗೆ ಗುರ್ರ್ ಎಂದು ಹಂಡೆಯೆಲ್ಲ ತುಂಬಿಕೊಂಡಿತು. ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಅತ್ತೆ ಹೂಂ ಅನ್ನುತ್ತಿದ್ದಳು, ಯಾರೂ ಏನೂ ಕೇಳದಿದ್ದರೂ ಮತ್ತೆ ಮತ್ತೆ ಹೂಂ ಅನ್ನುತ್ತಿದ್ದಳು. ಅಪ್ಪ ಬಚ್ಚಲ ಒದ್ದೆ ನೆಲದ ಮೇಲೆಯೇ ಕುಸಿದು ಕೂತರು. ಅಂಗಳದಲ್ಲಿ ಜನ ಹೋ ಎಂದರು.

ಅಜ್ಜಿಯ ನಾಲಗೆಯೂ ಆಗಲೇ ಬಿಚ್ಚಿಕೊಂಡಿತು. "ಅಯ್ಯೋ ಮನೆಹಾಳಿ! ಹೊರಗಿದ್ದು ಒಳಗೆಲ್ಲ ಓಡಾಡಿದೀಯಲ್ಲೇ. ದೇವರ ಮನೆ ಗುಡಿಸಿದ್ಯಲ್ಲೇ! ಬೆಳಿಗ್ಗೆ ಕೇಳಿದ್ನಲ್ಲ, ಕಲ್ಲಿನ ಹಾಗೆ ನಿಂತು ಇಲ್ಲ ಅಂದ್ಯಲ್ಲ. ಡಿಗ್ರಿ ಅಂತೆ ಡಿಗ್ರಿ! ಸದ್ಯ, ತುಂಗನ ಜೀವ ಉಳೀತು, ಇಲ್ದಿದ್ರೆ ನಿನ್ನ..." ಅಷ್ಟಕ್ಕೆ ಅವಳಿಗೂ ಅಳು ಬಂತು. ನನ್ನನ್ನು ಬೈಯುತ್ತಲೇ ನನ್ನ ಕೈಯನ್ನು ಎಳೆದು ಎದೆಗೆ ಒತ್ತಿಕೊಂಡಳು, ಮಡಿ ಮರೆತು. ಅಮ್ಮನಿಗೆ ನನ್ನ ದಿನಗಳು ಗೊತ್ತು. ಅವಳು ನನ್ನನ್ನೇ ನೋಡಿದಳು. ಸೆರಗಿನಿಂದ ನನ್ನ ಮುಖದ ನೀರು ಒರೆಸಿದಳು.

ವೃಷಭಯ್ಯನವರು ನಡುಮನೆಯವರೆಗೂ ಬಂದು, ಬಚ್ಚಲ ಕಡೆ ನೋಡದೆ ಗೋಡೆಗೆ ಮುಖ ಮಾಡಿ ಮಾತಾಡಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಹುಡುಗಿ ತಪ್ಪು ಮಾಡಿದೆ, ಒಪ್ಕೊಂಡಿದೆ. ದೊಡ್ಡದು ಮಾಡೋದು ಬೇಡ. ಗಂಟು ಗಂಟಾಗಿರಲಿಲ್ಲ, ಅದಕ್ಕೇ ಬಿಚ್ಚಿದ್ರೂ ದೋಷ ತಟ್ಟಲಿಲ್ಲ. ಇನ್ಮೇಲೆ ಹೆಣ್ಮಕ್ಕಳನ್ನ ಸರಿಯಾಗಿ ವಿಚಾರಿಸಿ ಕಟ್ಟಿಸಿ. ನನ್ನ ಕೇಳಿದ್ರೆ ಎರಡು ನೂಲು ಕಟ್ಟೋಣ. ಇಬ್ಬರು ಕಟ್ಟಲಿ. ಒಂದು ಕೆಟ್ಟರೂ ಇನ್ನೊಂದು ಇರುತ್ತೆ."

"ಅದೇ ಸರಿ," ಅಂದರು ಅಂಗಳದಲ್ಲಿ ಯಾರೋ.

ಎರಡು ನೂಲು. ನನ್ನ ಸುಳ್ಳು ಅತ್ತೆಯನ್ನು ಉಳಿಸಿತು. ಮುಂದಿನ ಎದುರುಗಾಳಿಗೆ ಹೊರಡುವವರ ಕೈಗೆ ಇನ್ನೊಂದು ಗಂಟು ಹಾಕಿಸಿತು. ನಾನು ಹಂಡೆಯ ಕಂಠ ಬಿಡದೆ ನಿಂತಿದ್ದೆ. ಒಳಗೆ ಅತ್ತೆಯ ಎಂಜಿನ್ನು ಸಲೀಸಾಗಿ ನಡೆಯುತ್ತಿತ್ತು. ಕೋಡುಗಲ್ಲು ದಾಟಿರಬೇಕು. ಜನ ಚಪ್ಪಲಿ ಹುಡುಕಿಕೊಂಡು ಹೊರಡುವ ಸದ್ದು. ಇನ್ನು ಎಲ್ಲರೂ ಹೋಗುತ್ತಾರೆ, ಇದು ನನ್ನ ಮುಟ್ಟಿನ ಕಥೆಯಾಗಿ ಊರಲ್ಲಿ ಉಳಿಯುತ್ತದೆ, ನಾನು ಒಳಗೆ ಹೋಗಿ ದಿನಚರಿಯಲ್ಲಿ ಮತ್ತದೇ ಸಾಲು ಬರೆಯುತ್ತೇನೆ.

"ಕುಮುದಾ," ಅಂದಳು ಚಂದನಕ್ಕ.

ಅವಳು ನನ್ನ ಪಕ್ಕದಿಂದ ಕದಲಿರಲಿಲ್ಲ. ನೀರನ್ನೇ ನೋಡುತ್ತಿದ್ದಳು.

"ನಿಂತಿದ್ದ ಎಂಜಿನ್ನು, ಎಡಕ್ಕೆ ಹಾಕಿದ ತಕ್ಷಣ ಹತ್ಕೊಂಡ್ತಲ್ಲ?"

"ಹೂಂ."

"ತಿರುಗದೇನೇ. ಹೋಗ್ತಾ ಇರೋವಾಗ್ಲೇ."

"ಹೂಂ, ಚಂದನಕ್ಕ."

"ನಮ್ಮವರ ಟ್ಯಾಂಕು ತುಂಬಿತ್ತಲ್ಲ. ನೀನೂ ಹೊತ್ತು ತಂದ್ಯಲ್ಲ ಒಂದು ಕೊಡ." ಅವಳು ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ. "ಅವರೂ ಹಾಗೇ ಬಿಚ್ಚಿದ್ರೆ ಬರ್ತಿದ್ರಾ?"

ಹೊರಟಿದ್ದ ಹೆಜ್ಜೆಗಳು ನಿಂತವು. ವೃಷಭಯ್ಯನವರ ಕೋಲು ಕುಟ್ಟುವುದೂ ನಿಂತಿತು. ಅಜ್ಜಿ ಅವಸರವಾಗಿ, "ಆ ಪುಣ್ಯಾತ್ಮನ ಮಾತೇ ಬೇರೆ ಕಣಮ್ಮ, ಅವನಿಗೆ ನೂಲು ಅಂದ್ರೆ..." ಅಂದಳು.

"ಅಜ್ಜಿ, ನಾನು ಕುಮುದನ್ನ ಕೇಳ್ತಿದೀನಿ."

ಅವಳ ಕೈ ಹಿಡಿಯಬೇಕು ಅನ್ನಿಸಿತು, ಹಿಡಿಯಲಿಲ್ಲ. ಕೈ ಹಿಡಿದರೆ ನನಗೆ ಅಳು ಬರುತ್ತಿತ್ತು, ಅಳುತ್ತಾ ಹೇಳಿದರೆ ಅದು ಸಮಾಧಾನದ ಮಾತಿನ ಹಾಗೆ ಕೇಳುತ್ತಿತ್ತು. ನಾನು ಅವಳ ಮುಖ ನೋಡಿ, ಅಂಗಳದವರೆಗೂ ಕೇಳುವ ಹಾಗೆ ಹೇಳಿದೆ.

"ಬರ್ತಿದ್ರು, ಚಂದನಕ್ಕ."